ಕೋಡಿ ಮಣ್ಣು ಯಾರ ಕೈಗೆ ಕೊಡೋಣ?

ಮಾರಗೊಂಡನಕುಂಟೆ,
ವೈಟ್‌ಫೀಲ್ಡ್ ಅಂಚೆ,
೯ ಸೆಪ್ಟೆಂಬರ್ ೧೯೮೭

ಮೂಡಣ ಕೆರೆ ಸರಪಳಿಯ ನೀರಾವರಿ ಮತ್ತು ನೆರೆ ನಿಯಂತ್ರಣ ವಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ವಲಯದ ಇತಿಹಾಸ ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ಒಂದು ಸುಳ್ಳು ಅಚ್ಚಾಗಿದೆ. ಅದನ್ನು ತೆಗೆಯಿರಿ ಎಂದು ನಿಮಗೆ ಮೂರು ಸಲ ಬರೆದೆ. ಮೊದಲನೆಯ ಪತ್ರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಕಾರ್ಡು ಬಂತು. ಎರಡನೆಯದಕ್ಕೂ ಅದೇ ಕಾರ್ಡು ಬಂತು. ಮೂರನೆಯದಕ್ಕೆ ಕಾರ್ಡೂ ಇಲ್ಲ. ಬಹುಶಃ ಕಾರ್ಡುಗಳು ಮುಗಿದಿರಬೇಕು. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ಓದದಿದ್ದರೆ ನಾಲ್ಕು ಜನರಾದರೂ ಓದಲಿ.

ನೀವು ಅಚ್ಚು ಹಾಕಿಸಿದ್ದು ಹೀಗಿದೆ: “೧೯೮೬ರ ಅಕ್ಟೋಬರ್ ಮಳೆಯ ಸಂದರ್ಭದಲ್ಲಿ ಸ್ಥಳೀಯ ಕಿಡಿಗೇಡಿಯೊಬ್ಬನು ಮಾರಗೊಂಡನಕುಂಟೆ ಕೆರೆಯ ಕೋಡಿಯನ್ನು ಒಡೆದು ಸರ್ಕಾರಿ ಆಸ್ತಿಗೆ ಹಾನಿಯುಂಟುಮಾಡಿದನು. ಆದಾಗ್ಯೂ ವಲಯದ ಮುನ್ನೆಚ್ಚರಿಕೆ ವ್ಯವಸ್ಥೆಯು ಸಕಾಲದಲ್ಲಿ ಕಾರ್ಯನಿರ್ವಹಿಸಿದ್ದರಿಂದ ಕೆಳಗಿನ ಗ್ರಾಮದಲ್ಲಿ ಯಾವುದೇ ಪ್ರಾಣಹಾನಿ ಸಂಭವಿಸಲಿಲ್ಲ.”

ಆ ಕಿಡಿಗೇಡಿಯ ಹೆಸರು ನಲ್ಲಪ್ಪ. ವಯಸ್ಸು ಅರವತ್ತೈದು. ನಮ್ಮ ಕೆರೆಯ ನೀರಗಂಟಿ. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಇದೇ ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಿದವರು. ಇನ್ನು ನಿಮ್ಮ ಮುನ್ನೆಚ್ಚರಿಕೆ ವ್ಯವಸ್ಥೆ ಇದೆಯಲ್ಲ, ಅದರ ಹೆಸರೂ ನಲ್ಲಪ್ಪ. ಒಬ್ಬನೇ ಮನುಷ್ಯ. ಒಂದೇ ದಿನ, ಒಂದೇ ಮಧ್ಯಾಹ್ನದೊಳಗೆ ಎರಡು ಕೆಲಸ ಮಾಡಿದ. ಒಂದನ್ನು ನೀವು ನಿಮ್ಮ ಹೆಸರಿಗೆ ಬರೆದುಕೊಂಡಿರಿ, ಇನ್ನೊಂದಕ್ಕೆ ಅವನ ಮೇಲೆ ದೂರು ಕೊಟ್ಟಿರಿ. ಅವನು ಈಗ ಪ್ರತಿ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತಾನೆ. ಕೆರೆ ಏರಿ ಹತ್ತಕೂಡದು ಎಂದು ಅವನಿಗೆ ಅಪ್ಪಣೆಯಾಗಿದೆ.

ನಿಮ್ಮ ಪುಸ್ತಕವನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದೇನೆ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು ನಾನು. ಎಂಥ ಪುಸ್ತಕ ಕೊಟ್ಟರೂ ಓದಿ ಮುಗಿಸುವ ಚಾಳಿ. ಕಾಗದ ಒಳ್ಳೆಯದು. ಹಾರ ಹಾಕಿಸಿಕೊಳ್ಳುತ್ತಿರುವವರ ಹದಿನಾಲ್ಕು ಫೋಟೋಗಳಿವೆ, ಕೆರೆಯದು ಎರಡಿವೆ. ಮೊದಲ ಅಧ್ಯಾಯದ ಮೊದಲ ವಾಕ್ಯವೇ ಸೊಗಸು: “೧೯೭೪ಕ್ಕೆ ಮೊದಲು ಈ ಭಾಗದ ಕೆರೆಗಳಿಗೆ ಯಾವುದೇ ವ್ಯವಸ್ಥಿತ ನಿರ್ವಹಣೆ ಇರಲಿಲ್ಲ.” ಹಾಗಾದರೆ ನಮ್ಮ ಕೆರೆ ಅಷ್ಟೊಂದು ತಲೆಮಾರು ಹೇಗೆ ನಿಂತಿತ್ತು ಸ್ವಾಮಿ? ನಿಮ್ಮ ವಲಯ ಹುಟ್ಟಲಿ ಎಂದು ತಾನೇ ಉಸಿರು ಹಿಡಿದುಕೊಂಡು ಕಾಯುತ್ತಿತ್ತೇ?

ನಿರ್ವಹಣೆ ಇತ್ತು. ನೀವು ಬರೆಯದ ಆ ಅಧ್ಯಾಯವನ್ನು ನಾನೇ ಬರೆಯುತ್ತೇನೆ. ನಮ್ಮ ಭಾಗದಲ್ಲಿ ಮೂರು ಕೆರೆಗಳು ಒಂದರ ಕೆಳಗೊಂದು ಇವೆ. ಮೇಲೆ ಬಿಳೇಕಲ್ಲಹಳ್ಳಿ, ನಡುವೆ ನಾವು, ಕೆಳಗೆ ತಗ್ಗಿನಪಾಳ್ಯ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಾದ ನೀರು ಕಲ್ಲುಕಟ್ಟೆ ದಾಟಿ ಹೊರಗೆ ಹರಿದರೆ, ಆ ನೀರು ನಮಗೆ ಬರುತ್ತದೆ. ನಮ್ಮದು ತಗ್ಗಿನಪಾಳ್ಯಕ್ಕೆ ಹೋಗುತ್ತದೆ. ಕೋಡಿಯ ಕಲ್ಲಿಗೆ ನೀರು ಇನ್ನೊಂದು ಮೊಳ ಇದೆ ಎನ್ನುವಾಗಲೇ ಮೇಲಿನ ಊರಿನ ನೀರಗಂಟಿ ಕೋಡಿಯ ಅಂಚಿನಿಂದ ಒಂದು ಹಿಡಿ ಹಸಿ ಮಣ್ಣು ತೆಗೆದು, ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಕೆಳಗಿನ ಊರಿಗೆ ನಡೆದು ಬರಬೇಕು. ಇಲ್ಲಿಯ ನೀರಗಂಟಿಯ ಅಂಗೈಗೆ ಇಡಬೇಕು. ಇದಕ್ಕೆ ಕೋಡಿ ಮಣ್ಣು ಎನ್ನುತ್ತಾರೆ. ಮಣ್ಣು ಇಸಿದುಕೊಂಡವನು ಎಷ್ಟು, ಏಕೆ, ಯಾರು ಹೇಳಿದ್ದು ಎಂದು ಕೇಳುವ ಹಾಗಿಲ್ಲ. ಉಣ್ಣುತ್ತಿದ್ದರೆ ಎದ್ದು ಕೈ ತೊಳೆದು ಹೋಗಿ ತೂಬು ತೆಗೆಯಬೇಕು, ತನ್ನ ಕೆಳಗಿನ ಊರಿಗೆ ತನ್ನ ಕೋಡಿಯ ಮಣ್ಣು ಕಳಿಸಬೇಕು. ಎರಡು ಊರಿಗೆ ಜಗಳವಾಗಿ ಮಾತು ಬಿಟ್ಟಿದ್ದ ಕಾಲದಲ್ಲೂ ಮಣ್ಣು ನಿಂತಿರಲಿಲ್ಲ. ನನ್ನ ಮದುವೆಯ ದಿನ ಧಾರೆಯ ಹೊತ್ತಿಗೆ ಮಣ್ಣು ಬಂತೆಂದು ನಲ್ಲಪ್ಪನ ಅಪ್ಪ ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಓಡಿದ್ದು ನನಗೆ ನೆನಪಿದೆ.

೧೯೭೪ರಲ್ಲಿ ನಿಮ್ಮ ವಲಯ ಬಂತು. ನಿಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರು ಜೀಪಿನಲ್ಲಿ ನಮ್ಮ ಶಾಲೆಯ ಮುಂದೆ ಇಳಿದರು. ಒಳ್ಳೆಯ ಮಾತುಗಾರರು. ಕೆರೆಯನ್ನು ಸರ್ಕಾರವೇ ನೋಡಿಕೊಳ್ಳುತ್ತದೆ, ಹೂಳು ತೆಗೆಸುತ್ತದೆ, ಏರಿಗೆ ಕಲ್ಲು ಕಟ್ಟಿಸುತ್ತದೆ, ಊರಿನವರು ಒಂದು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಸಾಕು ಎಂದರು. ಊರಿನಲ್ಲಿ ಬರೆಯಬಲ್ಲವನು ನಾನು. ಬರೆದೆ. ನಲ್ಲಪ್ಪ ಬೆಂಚಿನ ಪಕ್ಕದಲ್ಲಿ ನಿಂತು, “ಮೇಷ್ಟ್ರೇ, ತೂಬು ನಮ್ ಕೈಯಾಗೇ ಇರ್ಲಿ ಅಂತ ಒಂದ್ ಮಾತು ಆಕ್ಬುಡಿ. ಮಣ್ಣು ಬಂದಾಗ ನಾನು ಯಾರ್ನ ಕೇಳ್ಕಂಡು ಓಗ್ಲಿ?” ಎಂದ. ಅದನ್ನೂ ಬರೆದೆ: ‘ನೀರಗಂಟಿಯು ಮುಂದುವರಿಯತಕ್ಕದ್ದು, ತೂಬಿನ ಅಧಿಕಾರ ಅವನಲ್ಲಿಯೇ ಇರತಕ್ಕದ್ದು.’ ವಾರದ ನಂತರ ಸಹಿಗೆ ಟೈಪಾದ ಪ್ರತಿ ಬಂತು. ಆ ವಾಕ್ಯ ಇರಲಿಲ್ಲ. ನಾನು ಕೇಳಿದೆ. ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಇಟ್ಟು, “ಅದೆಲ್ಲ ಕಾಗದದಲ್ಲಿ ಯಾಕೆ ಮೇಷ್ಟ್ರೇ? ನಾನು ಮಾತು ಕೊಡ್ತಿದ್ದೀನಲ್ಲ, ನಂಬಿಕೆ ಇಲ್ವೇ?” ಎಂದರು.

ನಂಬಿದೆ. ಹಾಜರಿ ಪುಸ್ತಕದಲ್ಲಿ ಮಕ್ಕಳ ಬಾಯಿಮಾತನ್ನೇ ನಂಬದೆ ಎರಡು ಸಲ ಹೆಸರು ಕೂಗುತ್ತಿದ್ದವನು, ಬದುಕಿನಲ್ಲಿ ಒಂದೇ ಒಂದು ಸಲ ಕಾಗದ ಬಿಟ್ಟು ಮಾತು ನಂಬಿದೆ. ಜೀಪಿನಲ್ಲಿ ಬಂದ ದೊಡ್ಡ ಮನುಷ್ಯ ಹೆಗಲ ಮೇಲೆ ಕೈ ಇಟ್ಟರು ಎಂಬ ಖುಷಿ ಬೇರೆ. ನಲ್ಲಪ್ಪನಿಗೆ ಓದಲು ಬಾರದು. “ಆ ಮಾತು ಐತಾ ಮೇಷ್ಟ್ರೇ?” ಎಂದು ಕೇಳಿದಾಗ, “ಇದ್ದ ಹಾಗೇ ಕಣಪ್ಪ” ಎಂದೆ. ಅವನು ನನ್ನ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿದ. ಆ ಕಾಗದ ನಿಮ್ಮ ಕಡತದಲ್ಲಿ ಇರುತ್ತದೆ, ತೆಗೆಸಿ ನೋಡಿ. ಅದರ ಕೆಳಗಿನ ಮುದ್ದಾದ ಅಕ್ಷರದ ಸಹಿ ನನ್ನದು.

ಆಮೇಲೆ ಏನಾಯಿತು? ಅವನ ಮನೆತನ ಬಳಸುತ್ತಿದ್ದ ಮರದ ಬೆಣೆ ಕಿತ್ತು ತೂಬಿಗೆ ಕಬ್ಬಿಣದ ಗೇಟು ಹಾಕಿದಿರಿ. ಗೇಟಿಗೆ ಬೀಗ ಹಾಕಿದಿರಿ. ಬೀಗದ ಕೈ ಇಪ್ಪತ್ತೆರಡು ಕಿಲೋಮೀಟರು ದೂರದ ನಿಮ್ಮ ಕಚೇರಿಯ ಗೋಡೆಯ ಮೊಳೆಗೆ ಹೋಯಿತು. ನಲ್ಲಪ್ಪನಿಗೆ ಒಂದು ಶಾಲು ಹೊದಿಸಿದಿರಿ. ಬರುತ್ತದೆ ಎಂದ ನೇಮಕದ ಆದೇಶ ಬರಲೇ ಇಲ್ಲ. ಎರಡು ಬೇಸಿಗೆ ಕಾದು ಅವನು ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ತೋಟದ ಕೆಲಸಕ್ಕೆ ಸೇರಿಕೊಂಡ. ಮುನ್ನೂರು ಎಕರೆ ಗದ್ದೆಗೆ ಯಾರಿಗೂ ಹೆಚ್ಚು ಕಡಿಮೆ ಆಗದ ಹಾಗೆ ನೀರು ಹಂಚುತ್ತಿದ್ದ ಮನುಷ್ಯ ರಬ್ಬರ್ ಪೈಪು ಹಿಡಿದು ಕ್ರೋಟನ್ ಗಿಡಗಳಿಗೆ ನೀರು ಬಿಡುವುದನ್ನು ನಾನು ಶಾಲೆಗೆ ಹೋಗುವಾಗ ದಿನವೂ ನೋಡಿದೆ. ಅವನು ಕೈ ಮುಗಿಯುತ್ತಿದ್ದ. ನಾನು ಸೈಕಲ್ಲಿನ ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದೆ. ನಿಲ್ಲಲು ನನಗೆ ಮುಖ ಇರಲಿಲ್ಲ.

೧೯೭೯ರಲ್ಲಿ ಕಾರ್ಖಾನೆಗಳಿಗೆ ನೀರು ಸಾಲದೆಂದು ನಮ್ಮ ಕೋಡಿಯ ಹಳೇ ಕಲ್ಲಿನ ಮೇಲೆ ಒಂದೂವರೆ ಅಡಿ ಸಿಮೆಂಟು ಏರಿಸಿದಿರಿ. ನಿಮ್ಮ ಪುಸ್ತಕದಲ್ಲಿ ಇದು ‘ಸಂಗ್ರಹಣಾ ಸಾಮರ್ಥ್ಯದ ಉನ್ನತೀಕರಣ’. ಕೋಡಿಯ ಎತ್ತರ ಮುಟ್ಟಬೇಕಾದರೆ ಮೇಲಿನ ಊರಿನವರೂ ಕೆಳಗಿನ ಊರಿನವರೂ ಬಂದು ಕೂತು ಒಪ್ಪಬೇಕೆಂಬುದು ನಮ್ಮಲ್ಲಿ ಕಟ್ಟುಪಾಡು. ನೀವು ನಮ್ಮನ್ನೇ ಕೇಳಲಿಲ್ಲ. ಆಗ ನಲ್ಲಪ್ಪ ಕೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: “ಕೋಡಿ ಎತ್ರ ಮಾಡುದ್ರೆ ಏರೀನೂ ಎತ್ರ ಮಾಡ್ಬೇಕಲ್ವಾ ಮೇಷ್ಟ್ರೇ? ನೀರು ಏರಿ ಮ್ಯಾಲೆ ಅತ್ತುದ್ರೆ ಅದು ಮಣ್ಣು, ತಡೀತದಾ?” ಇದನ್ನೇ ಶುದ್ಧ ಕನ್ನಡಕ್ಕೆ ತಿದ್ದಿ ನಿಮಗೆ ಅರ್ಜಿ ಹಾಕಿದೆ. ‘ಇದು ತಾಂತ್ರಿಕ ವಿಷಯವಾಗಿದ್ದು ಸಾರ್ವಜನಿಕರು ಆತಂಕಪಡಬೇಕಾಗಿಲ್ಲ’ ಎಂದು ಉತ್ತರ ಬಂತು. ಏರಿಯನ್ನು ಒಂದು ಅಂಗುಲವೂ ಏರಿಸಲಿಲ್ಲ. ಏರಿಸಿದ್ದು ಒಂದನ್ನೇ: ನೀರಿನ ಮಟ್ಟ ತೋರಿಸುವ ಹಲಗೆಯಲ್ಲಿನ ಅಪಾಯದ ಕೆಂಪು ಗೆರೆಯನ್ನು. ಹಳೆಯ ಗೆರೆಯ ಮೇಲೆ ಬಿಳಿ ಬಣ್ಣ ಬಳಿದು ಹೊಸದನ್ನು ಒಂದೂವರೆ ಅಡಿ ಮೇಲೆ ಎಳೆದು ಹೋದಿರಿ.

ಈಗ ಹೋದ ವರ್ಷದ ಅಕ್ಟೋಬರಿಗೆ ಬರೋಣ. ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಬಿಳೇಕಲ್ಲಹಳ್ಳಿಯಿಂದ ಮುನಿಯಕ್ಕ ಬಂದಳು. ಅಲ್ಲಿಯ ಕೊನೆಯ ನೀರಗಂಟಿಯ ಹೆಂಡತಿ. ಗಂಡ ಹೋಗಿ ಆರು ವರ್ಷವಾಗಿದೆ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಮುತ್ತುಗದ ಎಲೆ. ಅವಳಿಗೆ ಯಾರೂ ಹೇಳಿರಲಿಲ್ಲ. ಹನ್ನೆರಡು ವರ್ಷದಿಂದ ಆ ಕೆಲಸ ನಿಮ್ಮದು. ನಿಮ್ಮವರು ಯಾರಾದರೂ ಬರುತ್ತಾರೆಂದು ಹಿಂದಿನ ದಿನ ಸಂಜೆಯವರೆಗೂ ನೋಡಿದಳಂತೆ. ಬರದಿದ್ದಾಗ ಎರಡು ಮೈಲಿ ಕೆಸರು ತುಳಿದು ಬಂದು ನಲ್ಲಪ್ಪನ ಅಂಗೈಗೆ ಮಣ್ಣಿಟ್ಟಳು. “ಅಣ್ಣಾ, ತಗೋ” ಎಂದಳು. ಅಷ್ಟೇ ಮಾತು.

ನಲ್ಲಪ್ಪ ಮಣ್ಣು ಹಿಡಿದುಕೊಂಡೇ ನನ್ನ ಮನೆಗೆ ಓಡಿ ಬಂದ. “ಮೇಷ್ಟ್ರೇ, ಮಣ್ಣು ಬಂತು. ಬೀಗದ ಕೈ ಎಲ್ಲಿ?” ಬೀಗ ಒಡೆಯಲು ಅವನು ಸಿದ್ಧವಿದ್ದ, ಹಾರೆ ಜೊತೆಯಲ್ಲೇ ತಂದಿದ್ದ. ನಾನು ತಡೆದೆ. “ಸರ್ಕಾರಿ ಬೀಗ ಕಣೋ, ಕಾನೂನು ಕೈಗೆ ತಗೋಬೇಡ. ಇರು, ನಾನು ಹೋಗಿ ಫೋನ್ ಮಾಡಿಸಿ, ಒಂದು ಅರ್ಜಿ ಕೊಟ್ಟು ಬರ್ತೀನಿ” ಎಂದೆ. ಮಾನ್ಯರೇ, ಮಣ್ಣು ಬಂದ ಮೇಲೆ ಅರ್ಜಿ ಬರೆಯಲು ಕೂತವನು ನಮ್ಮ ಊರಿನ ಇತಿಹಾಸದಲ್ಲಿ ನಾನೊಬ್ಬನೇ. ನಿಮ್ಮ ಇತಿಹಾಸಕ್ಕೆ ಇದನ್ನು ಬೇಕಾದರೆ ಸೇರಿಸಿಕೊಳ್ಳಿ.

ವೈಟ್‌ಫೀಲ್ಡ್ ಅಂಚೆ ಕಚೇರಿಗೆ ಸೈಕಲ್ ತುಳಿದೆ. ಒಂದು ಗಂಟೆ ಕಾದ ಮೇಲೆ ನಿಮ್ಮ ಕಚೇರಿಗೆ ಲೈನು ಸಿಕ್ಕಿತು. ಆ ಕಡೆಯವರು ಕೇಳಿದರು: “ಗೇಜ್ ಎಷ್ಟಿದೆ ಸಾರ್?”

“ಕೆಂಪು ಗೆರೆಗೆ ಅರ್ಧ ಅಡಿ ಕಮ್ಮಿ ಇದೆ.”

“ಮತ್ತೆ ಸೇಫ್ ಅಲ್ವೇ ಸಾರ್?”

“ಅಯ್ಯೋ, ಆ ಗೆರೆ ನೀವೇ ಮೇಲಕ್ಕೆ ಎಳೆದಿದ್ದು ಕಣ್ರೀ! ಗೇಟ್ ತೆಗಿಸ್ರೀ.”

“ಕೀ ಸೆಕ್ಷನ್ ಆಫೀಸರ್ ಹತ್ರ ಇದೆ ಸಾರ್, ಅವರು ಲೀವು. ನೀವೊಂದು ರೈಟಿಂಗಲ್ಲಿ ಕೊಟ್ಬಿಡಿ.”

ಕೊಟ್ಟೆ! ಹೊರಗೆ ಆಕಾಶ ಕಿತ್ತು ಸುರಿಯುತ್ತಿದ್ದರೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಕಾರ್ಬನ್ ಇಟ್ಟು ಮೂರು ಪ್ರತಿ ಬರೆದೆ. ವಿಷಯ, ಉಲ್ಲೇಖ, ‘ತಮ್ಮ ಅವಗಾಹನೆಗೆ’ ಎಲ್ಲವನ್ನೂ ಹಾಕಿ ಅಲ್ಲೇ ಅಂಚೆಗೆ ಕೊಟ್ಟೆ. ಊರಿಗೆ ಮರಳುವಾಗ ಹನ್ನೆರಡು ದಾಟಿತ್ತು. ನಾಲ್ಕು ಗಂಟೆಗಳ ಹೊತ್ತು ಒಂದು ಕೆರೆಯನ್ನು ನಾನು ಕಾಗದದಲ್ಲಿ ಹಿಡಿದು ನಿಲ್ಲಿಸಲು ನೋಡಿದೆ.

ನಲ್ಲಪ್ಪ ಪುಣ್ಯಕ್ಕೆ ನನ್ನ ಮಾತನ್ನು ಅರ್ಧ ಮಾತ್ರ ಕೇಳಿದ್ದ. ಬೀಗ ಮುಟ್ಟದೆ ನನಗಾಗಿ ಕಾದಿದ್ದ, ಆದರೆ ಮಣ್ಣನ್ನು ತಡೆದಿರಲಿಲ್ಲ. ನಾನು ಸೈಕಲ್ ಹತ್ತಿದ ಕೂಡಲೇ ನಮ್ಮ ಕೋಡಿಯ ಮಣ್ಣು ತೆಗೆದು ಹೆಂಡತಿ ಅನುಸೂಯಮ್ಮನ ಕೈಗೆ ಕೊಟ್ಟು ತಗ್ಗಿನಪಾಳ್ಯಕ್ಕೆ ಅಟ್ಟಿದ್ದ. ಅಲ್ಲಿ ಈಗ ನೀರಗಂಟಿ ಇಲ್ಲ. ನೀರಗಂಟಿಯ ಮಗ ನಂಜಪ್ಪ ಟೀ ಅಂಗಡಿ ಇಟ್ಟಿದ್ದಾನೆ. ಒಲೆಯ ಮುಂದೆ ನಿಂತಿದ್ದವನ ಅಂಗೈಗೆ ಅವಳು ಮಣ್ಣಿಟ್ಟಳು. ಅವನು ಏನೂ ಕೇಳಲಿಲ್ಲ. ಹಾಲಿನ ಪಾತ್ರೆ ಇಳಿಸಿ, ಒಲೆಗೆ ನೀರು ಹಾಕಿ, ಮನೆ ಮನೆಗೆ ಹೋದ. ಗದ್ದೆ ಬಯಲಿನಲ್ಲಿ ಹೊಸದಾಗಿ ಎದ್ದಿದ್ದ ಬಾಡಿಗೆ ವಠಾರಗಳಲ್ಲಿ ಕಾರ್ಖಾನೆ ಕೆಲಸದವರ ಸಂಸಾರಗಳಿದ್ದವು. ಎಲ್ಲೆಲ್ಲಿಂದಲೋ ಬಂದ ಜನ, ಕೋಡಿ ಮಣ್ಣು ಎಂದರೆ ಏನೆಂದೇ ತಿಳಿಯದವರು. ಮಕ್ಕಳನ್ನು ಎತ್ತಿಕೊಂಡು ಅವರನ್ನೆಲ್ಲ ಬೈದು, ಬೇಡಿಕೊಂಡು ಮಧ್ಯಾಹ್ನ ಒಂದರ ಹೊತ್ತಿಗೆ ದಿಣ್ಣೆ ಹತ್ತಿಸಿದ್ದ.

ಇದು, ಮಾನ್ಯರೇ, ಸಕಾಲದಲ್ಲಿ ಕಾರ್ಯನಿರ್ವಹಿಸಿದ ನಿಮ್ಮ ಮುನ್ನೆಚ್ಚರಿಕೆ ವ್ಯವಸ್ಥೆ. ಎಡಗಾಲಿಗೆ ಮುಳ್ಳು ಚುಚ್ಚಿಸಿಕೊಂಡು ಎರಡು ಕಡೆ ಜಾರಿ ಬಿದ್ದು ಎದ್ದು ನಡೆದ ಐವತ್ತೆಂಟು ವರ್ಷದ ಒಬ್ಬ ಹೆಂಗಸು, ಮತ್ತು ಒಬ್ಬ ಟೀ ಅಂಗಡಿಯವನು. ಅವರಿಬ್ಬರ ಫೋಟೋ ನಿಮ್ಮ ಪುಸ್ತಕದಲ್ಲಿ ಏಕಿಲ್ಲ?

ನಾನು ಬಂದಾಗ ನೀರು ಏರಿಯ ತಲೆಗೆ ಒಂದು ಗೇಣಿತ್ತು. ತಿರುವಿನಲ್ಲಿ ಏರಿಯ ಹೊರಮೈ ಜಿನುಗುತ್ತಿತ್ತು. ನಲ್ಲಪ್ಪ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಅವನು ಹಾರೆ ಎತ್ತಿಕೊಂಡ. ಹೋಗಿ ಬೀಗ ಒಡೆದ. ಗೇಟು ತಿರುಗಲಿಲ್ಲ. ಹಾಕಿದ ದಿನ ಸವರಿದ ಎಣ್ಣೆಯೇ ಕೊನೆ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾಲ್ಕು ಜನ ನೇತುಬಿದ್ದರೂ ಅಲ್ಲಾಡಲಿಲ್ಲ. ಆಗ ಅವನು ಕೋಡಿಗೆ ಇಳಿದು ನೀವು ಏರಿಸಿದ್ದ ಆ ಒಂದೂವರೆ ಅಡಿ ಸಿಮೆಂಟನ್ನು ಹಾರೆಯಿಂದ ಒಡೆದ. ಅದನ್ನು ಮಾತ್ರ ಒಡೆದ. ಕೆಳಗಿನ ಹಳೇ ಕಲ್ಲಿಗೆ ಹಾರೆಯ ಮೊನೆ ತಾಗಿಸಲಿಲ್ಲ. ನೀರು ಇಳಿದ ಮೇಲೆ ನಾನೇ ಕೈಯಿಂದ ಸವರಿ ನೋಡಿದ್ದೇನೆ. ನೀರು ತನ್ನ ಹಳೇ ದಾರಿ ಹಿಡಿದು ಹೋಯಿತು. ತಗ್ಗಿನಪಾಳ್ಯದಲ್ಲಿ ಒಂಬತ್ತು ಖಾಲಿ ಮನೆಗಳ ಗೋಡೆ ಬಿತ್ತು. ಏರಿ ನಿಂತಿತು. ಏರಿ ಹೋಗಿದ್ದರೆ ಆ ವಠಾರಗಳ ಗುರುತೂ ಉಳಿಯುತ್ತಿರಲಿಲ್ಲ.

ಮೂರು ದಿನವಾದ ಮೇಲೆ ಬಿಸಿಲು ಬಂತು, ಬಿಸಿಲಿನ ಹಿಂದೆಯೇ ನಿಮ್ಮ ಜೀಪೂ ಬಂತು. ಇಳಿದವರು ನೀವೇ. “ಯಾರು ಒಡೆದಿದ್ದು ಇದನ್ನ?” ಎಂದು ಕೇಳಿದಿರಿ. ನಲ್ಲಪ್ಪ ಗುಂಪಿನಿಂದ ಮುಂದೆ ಬಂದು, ಹೆಗಲ ಮೇಲಿನ ಟವಲು ತೆಗೆದು, “ನಾನೇ ಸೋಮಿ” ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಹನ್ನೆರಡು ವರ್ಷದ ಮೇಲೆ ಅವನು ತನ್ನ ಕೆಲಸ ಮಾಡಿದ್ದ. ಭೇಷ್ ಎನ್ನುತ್ತೀರಿ ಎಂದುಕೊಂಡಿದ್ದ. ನೀವು ಅವನ ಹೆಸರು ಬರೆಸಿಕೊಂಡಿರಿ. ಹೆಸರು ಸರಿಯಾಗಿ ಬರೆದುಕೊಳ್ಳಲಿ ಎಂದು ಅವನು ಎರಡು ಸಲ ಹೇಳಿದ. ಆ ಹೆಸರು ಹೋದದ್ದು ಪೊಲೀಸ್ ಠಾಣೆಗೆ.

ಒಡೆದವರು ಯಾರು ಎಂದು ಕೇಳಿದಿರಿ, ಸರಿ. ತಗ್ಗಿನಪಾಳ್ಯದವರು ಹೇಗೆ ಬದುಕಿಕೊಂಡರು ಎಂದು ಏಕೆ ಕೇಳಲಿಲ್ಲ? ಏರಿ ಏಕೆ ಜಿನುಗಿತು ಎಂದು? ಗೇಟು ಏಕೆ ತಿರುಗಲಿಲ್ಲ ಎಂದು? ನನ್ನ ಅರ್ಜಿಯ ಮೂರು ಪ್ರತಿಗಳಲ್ಲಿ ಒಂದಾದರೂ ನಿಮ್ಮ ಮೇಜಿಗೆ ಬಂತೇ? ನಿಮ್ಮನ್ನು ಬೈಯುವುದು ಸುಲಭ, ಬೈದೂ ಇದ್ದೇನೆ. ಆದರೆ ಮೋಸ ಎರಡು ಕಡೆಯಿಂದ ಆಗಿದೆ. ನೀವು ನನಗೆ ಮಾಡಿದಿರಿ, ನಾನು ನಲ್ಲಪ್ಪನಿಗೆ ಮಾಡಿದೆ. ಅವನು ನಿಮ್ಮನ್ನು ಯಾವತ್ತೂ ನಂಬಿರಲಿಲ್ಲ. ನಂಬಿದ್ದು ನನ್ನನ್ನು.

ಇದೇ ಏಪ್ರಿಲ್‌ನಲ್ಲಿ ನಿಮ್ಮವರು ಬಂದು ಕೋಡಿಯ ಮೇಲೆ ಅದೇ ಒಂದೂವರೆ ಅಡಿ ಸಿಮೆಂಟನ್ನು ಮತ್ತೆ ಕಟ್ಟಿದರು. ಗೇಟಿಗೆ ಹೊಸ ಬೀಗ ಬಂತು. ಹಲಗೆಯ ಕೆಂಪು ಗೆರೆಗೆ ಹೊಸ ಬಣ್ಣವೂ ಬಂತು. ಏರಿಯ ತಿರುವು ಹಾಗೇ ಇದೆ.

ನಿನ್ನೆ ಮಧ್ಯಾಹ್ನ ಮುನಿಯಕ್ಕ ಮತ್ತೆ ಬಂದಳು. ಈ ಸಲದ ಮುಂಗಾರು ಹೇಗಿದೆ ನಿಮಗೆ ಗೊತ್ತಲ್ಲ. ನಲ್ಲಪ್ಪ ಜಗಲಿಯ ಮೇಲೆ ಕೂತಿದ್ದ, ನಾನೂ ಅಲ್ಲೇ ಇದ್ದೆ. ಅವಳು ಎಲೆ ಬಿಚ್ಚಿ ಚಾಚಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ನಾನು ಮುಟ್ಟಂಗಿಲ್ಲ ಕಣಕ್ಕ, ಏರಿ ಅತ್ತಂಗಿಲ್ಲ. ಇಸ್ಕಂಡು ಸುಮ್ಕೆ ಕುಂತ್ರೆ ನಮ್ಮಪ್ಪ ಮೆಚ್ತಾನಾ?” ಎಂದ. ಮುನಿಯಕ್ಕ ಕೈ ಚಾಚಿಕೊಂಡೇ ನಿಂತಿದ್ದಳು. ತಂದ ಮಣ್ಣನ್ನು ನೆಲಕ್ಕೆ ಹಾಕುವ ಹಾಗಿಲ್ಲ, ಹಿಂದಕ್ಕೆ ಒಯ್ಯುವ ಹಾಗೂ ಇಲ್ಲ. ನಾನು ನನ್ನ ಕೈ ಚಾಚಿದೆ. ಸೀಮೆಸುಣ್ಣ, ಪೆನ್ನು ಬಿಟ್ಟು ಬೇರೇನೂ ಹಿಡಿಯದ ಕೈ ಇದು. ಮಣ್ಣು ತಣ್ಣಗಿತ್ತು, ನಾನು ತಿಳಿದದ್ದಕ್ಕಿಂತ ಭಾರವಾಗಿತ್ತು. ನನಗೆ ಅಳು ಬಂತು.

ನಮ್ಮ ಕೋಡಿಯ ಮಣ್ಣನ್ನು ನಾನೇ ತೆಗೆದು ನಿನ್ನೆಯೇ ನಂಜಪ್ಪನಿಗೆ ಮುಟ್ಟಿಸಿದ್ದೇನೆ. ತೂಬು ತೆಗೆಯುವುದೊಂದು ಬಾಕಿ. ಅದು ನಿಮ್ಮ ಬೀಗದ ಹಿಂದಿದೆ. ಆದ್ದರಿಂದ ಕೇಳುತ್ತೇನೆ: ಮೂವತ್ತೊಂದನೇ ಪುಟದ ಆ ಎರಡು ವಾಕ್ಯಗಳನ್ನು ತೆಗೆದು, ನಡೆದದ್ದನ್ನು ನಲ್ಲಪ್ಪ, ಅನುಸೂಯಮ್ಮ, ಮುನಿಯಕ್ಕ, ನಂಜಪ್ಪ ಇವರ ಹೆಸರು ಹಾಕಿ ಅಚ್ಚು ಮಾಡಿಸಿ. ಠಾಣೆಗೆ ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೋಡಿಯನ್ನು ಹಳೇ ಕಲ್ಲಿಗೆ ಇಳಿಸಿ. ಬೀಗದ ಕೈಯನ್ನು ಯಾರ ಕೈಯಲ್ಲೂ ಕಳಿಸಬೇಡಿ, ನೀವೇ ಬಂದು ನಲ್ಲಪ್ಪನಿಗೆ ಕೊಡಿ. ೧೯೭೪ರಲ್ಲಿ ಕೊಟ್ಟ ಮಾತು ಅದೇ ಆಗಿತ್ತು.

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೆ ಕೊಟ್ಟು, ಇನ್ನೊಂದನ್ನು ಇಂದು ಬೆಳಗಿನ ಮೊದಲ ಬಸ್ಸಿಗೆ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಅದರ ಜೊತೆ ಒಂದು ಲಗತ್ತು ಇರುತ್ತದೆ: ಮುತ್ತುಗದ ಎಲೆಯಲ್ಲಿ ಒಂದು ಹಿಡಿ ಹಸಿ ಮಣ್ಣು. ಇಸಿದುಕೊಂಡವರು ಪ್ರಶ್ನೆ ಕೇಳುವ ಹಾಗಿಲ್ಲ ಎಂಬುದು ಈಗ ನಿಮಗೆ ತಿಳಿದಿದೆ. ಕೈ ಚಾಚಿ.

ಇಂತಿ,
ಆ ಒಂದು ವಾಕ್ಯ ಇಲ್ಲದ ಕಾಗದಕ್ಕೆ ಮುದ್ದಾಗಿ ಸಹಿ ಹಾಕಿ, ಹದಿಮೂರು ವರ್ಷದಿಂದ ಆ ಸಹಿಯನ್ನೇ ನೋಡಿಕೊಂಡು ಕೂತಿರುವ
ಆಂಜಿನಪ್ಪ
ನಿವೃತ್ತ ಶಾಲಾ ಮೇಷ್ಟ್ರು, ನಿನ್ನೆಯಿಂದ ಹಂಗಾಮಿ ನೀರಗಂಟಿ